ಬೆವರದ ಕಲೆಯನ್ನು ಕಂಡ ಸುಂದರಾ

ಉಗಾರ ಬುದ್ರುಕದ ಕಬ್ಬಿನ ಹೊಲಗಳ ಮೇಲಿಂದ ಮಂಜು ಇನ್ನೂ ಎದ್ದಿಲ್ಲ. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲುಗಳ ಮುಂದೆ ಸುಂದರಾ ಕಾಂಬಳೆ ಕಲ್ಲೊಂದರ ಮೇಲೆ ಕುಳಿತಿದ್ದಾರೆ. ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ, ಅದರ ಮೇಲೆ ಗಂಡನ ಹಳೇ ಸ್ವೆಟರು. ಎದುರಿಗೆ ತೋಳು ಚಾಚಿ ಕೂತ ಕಾಳವ್ವನಿಗೆ ಹೊಲಕ್ಕೆ ಹೋಗುವ ಅವಸರ.

“ಕಣ್ಣ ಮುಚ್ಚ. ನಾ ಎಲ್ಲೆ ಮುಟ್ಟತೇನಿ ಅಲ್ಲೆ ಬೆರಳ ಇಡು.”

“ಮುಂಜಮುಂಜಾನೆ ಹುಡುಗಾಟ ಹಚ್ಚೀಯೇನ ಬಾಯಿ?”

“ಹೂಂ, ಹುಡುಗಾಟನ. ಮುಚ್ಚ.”

ತೋಳಿನ ಮಾಸಲು ಕಲೆಗೆ ಸುಂದರಾ ಪೆನ್ನಿನ ತುದಿ ತಾಗಿಸುತ್ತಾರೆ. ಮೂರು ಸಲವೂ ಕಾಳವ್ವನ ಬೆರಳು ಸರಿಯಾದ ಜಾಗಕ್ಕೇ ಬಂದು ಕೂಡುತ್ತದೆ. “ಬರೇ ಚಿಬ್ಬ ಐತಿ. ದವಾಖಾನ್ಯಾಗ ಮುಲಾಮ ಕೊಡ್ತಾರ. ಬೆವತ ಕುಬಸ ಮೈಮ್ಯಾಲೆ ಒಣಗಿಸ್ಕೋಬ್ಯಾಡ.” ಮುಂದಿನವಳು ಬಂದು ಕೂಡುತ್ತಾಳೆ. ಹೊತ್ತು ಮೂಡುವುದರೊಳಗೆ ಹನ್ನೊಂದು ಮಂದಿ ಹೆಣ್ಣುಮಕ್ಕಳನ್ನು ನೋಡಿ ಮುಗಿದಿದೆ. ಗಂಡಸರನ್ನು ನೋಡಲು ಜೊತೆಗಾರ ಭೀಮಸಿ ಇದ್ದಾನೆ.

ಈ ಕೆಲಸಕ್ಕೆ ಸರ್ಕಾರ ಇಟ್ಟ ಹೆಸರು ಸ್ವಯಂಸೇವೆ. ನಸುಕಿನಲ್ಲಿ ಎದ್ದು ಇನ್ನೂರಾ ಹತ್ತು ಮನೆಗಳ ಬಾಣಂತನ, ಜ್ವರ, ಚುಚ್ಚುಮದ್ದು, ಚರ್ಮ ಎಲ್ಲವನ್ನೂ ನೋಡುವವಳು ಕಾರ್ಮಿಕಳಲ್ಲವಂತೆ! ಹಾಗೆಂದು ಬರೆದವರು ಒಂದು ದಿನವಾದರೂ ಇವರ ಹಿಂದೆ ನಡೆದಿದ್ದರೆ ಆ ಪದ ಬಳಸಲು ನಾಚುತ್ತಿದ್ದರು. ಸುಂದರಾ ಮಾತ್ರ ಇದನ್ನು ಮಾತಿಗೆ ಎಳೆಯುವುದಿಲ್ಲ. ಹತ್ತನೇ ಇಯತ್ತೆ ಮುಗಿಸಿ ಪಾಲಬಾವಿಯಿಂದ ಸೊಸೆಯಾಗಿ ಬಂದವರು. ಈಗ ನಲವತ್ನಾಲ್ಕು ವರ್ಷ. ಹನ್ನೆರಡು ವರ್ಷಗಳಿಂದ ಇದೇ ಕೆಲಸ.

ತರಬೇತಿಯಲ್ಲಿ ಚರ್ಮದ ಪದರಗಳ ಬಣ್ಣದ ಚಿತ್ರ ತೋರಿಸಿದ್ದರು. ಅದನ್ನು ಸುಂದರಾ ಕಬ್ಬಿಗೆ ಇಳಿಸಿಕೊಂಡಿದ್ದಾರೆ. “ಕಬ್ಬಿನ ಮ್ಯಾಲೆ ಬಿಳೇ ಬೂದಿ ಇರತೈತಲ್ರಿ, ಹಂಗ ನಮ್ಮ ಮ್ಯಾಲಿನ ಪದರ. ಉದರತೈತಿ, ಮತ್ತ ಬರತೈತಿ. ಚಿಬ್ಬ, ಗಜಕರ್ಣ ಅಲ್ಲೇ ಬೇರೂರತಾವ. ಕಜ್ಜಿ ಹುಳಾನೂ ಅದರಾಗ ಬಿಲ ತೋಡತೈತಿ. ಅದರ ಕೆಳಗ ನರ, ಕೂದಲ ಬೇರ, ಬೆವರಿನ ಗಂಟ. ರೋಗ ಆ ನರಕ್ಕ ಇಳೀತಂದ್ರ ತುರಸೂದಿಲ್ಲ, ನೋಯೂದಿಲ್ಲ. ನೋಯಲಾರದ್ದಕ್ಕ ನಾ ಅಂಜತೇನಿ.”

ಎರಡು ವರ್ಷದ ಹಿಂದೆ ರಾವಸಾಹೇಬ ಸಾವಕಾರರ ಗಾಣದ ಮನೆಯಲ್ಲಿ ಸುಂದರಾ ಅಂಜಿದ್ದು ಅಂಥದ್ದೊಂದಕ್ಕೇ. ಅಲ್ಲಿ ಪಾಕ ನೋಡಿ ಬೆಲ್ಲ ಇಳಿಸುವ ತುಕಾರಾಮ ಸುತ್ತಲಿನ ನಾಲ್ಕೂರಿಗೆ ಹೆಸರಾದವನು. ಉಳಿದವರು ತಣ್ಣೀರಿನಲ್ಲಿ ಬೆರಳು ಅದ್ದಿಕೊಂಡು ಪಾಕ ಮುಟ್ಟಿದರೆ ಇವನು ಒಣಗೈಯನ್ನೇ ಕೊಪ್ಪರಿಗೆಗೆ ಹಾಕುತ್ತಿದ್ದ. “ತುಕ್ಯಾನ ಕೈ ಕಬ್ಬಿಣದ್ದ” ಎಂದು ಜನ ಹೊಗಳುತ್ತಿದ್ದರು. ಅವನೂ ಮೀಸೆಯಲ್ಲಿ ನಗುತ್ತಿದ್ದ.

ಸುಂದರಾ ನೋಡಿದ್ದು ಬೇರೆ. ಒಲೆಯ ಝಳಕ್ಕೆ ಅವನ ಮೈಯೆಲ್ಲ ಬೆವರು ಸುರಿಯುತ್ತಿತ್ತು. ಮುಂಗೈಯಲ್ಲಿ ರೂಪಾಯಿಯಷ್ಟಗಲದ ಕಲೆ ಮಾತ್ರ ಒಣಗಿತ್ತು. ಅದರ ಮೇಲೆ ಒಂದು ಕೂದಲಿರಲಿಲ್ಲ. ಕಿರುಬೆರಳಲ್ಲಿ ಬೊಬ್ಬೆ ಎದ್ದು ಒಡೆದದ್ದು ಅವನಿಗೇ ತಿಳಿದಿರಲಿಲ್ಲ. ಕಣ್ಣು ಮುಚ್ಚಿಸಿ ಪೆನ್ನು ತಾಗಿಸಿದರು.

“ಮುಟ್ಟು ಮತ್ತ,” ಎಂದ ತುಕಾರಾಮ.

“ಮುಟ್ಟೇನಿ, ಅಣ್ಣಾ.”

ಅವನು ಕಣ್ಣು ತೆರೆದು ಕೈಯನ್ನು ಧೋತರದಲ್ಲಿ ಮುಚ್ಚಿಕೊಂಡ. ಕುಷ್ಠವೆಂಬ ಮಾತನ್ನು ಇಬ್ಬರೂ ಆಡಲಿಲ್ಲ. ಗಾಣದ ಹಿಂದೆ ಕರೆದು ಅವನು ಕೇಳಿದ್ದು ಒಂದೇ: “ನನ್ನ ಕೈಯಾನ ಬೆಲ್ಲ ಯಾರ ತಿಂತಾರವಾ ತಂಗಿ?” ಚಿಕಿತ್ಸೆಗೆ ಹೋದರೆ ಕೆಲಸ ಹೋಗುವ ಹೆದರಿಕೆ, ಹೋಗದಿದ್ದರೆ ಬೆರಳುಗಳೇ ಮಡಚಿ ಹೋಗುತ್ತವೆ. ಹದಿನೈದು ದಿನ ಬೆನ್ನು ಹತ್ತಿ ಸುಂದರಾ ಅವನನ್ನು ಸರ್ಕಾರಿ ದವಾಖಾನೆಗೆ ಬಸ್ಸಿನಲ್ಲಿ ಕರೆದೊಯ್ದರು. ಗುಳಿಗೆ ಪುಕ್ಕಟೆ. ಒಂದು ವರ್ಷ ತಪ್ಪದೆ ನುಂಗಬೇಕು.

ಗುಳಿಗೆಗೆ ಮೈ ಕಪ್ಪಾಗತೊಡಗಿದಾಗ ಸುದ್ದಿ ಒಡೆಯಿತು. ರಾವಸಾಹೇಬರು ತುಕಾರಾಮನಿಗೆ ನಾಳೆಯಿಂದ ಬರಬೇಡವೆಂದು ಹೇಳಿ, ಸುಂದರಾಳನ್ನು ಅಂಗಳಕ್ಕೆ ಕರೆಸಿದರು. ಔಷಧ ಶುರುವಾದ ಮೇಲೆ ಇದು ಇನ್ನೊಬ್ಬರಿಗೆ ಹತ್ತುವುದಿಲ್ಲ, ತಿನ್ನುವ ಪದಾರ್ಥದಿಂದಂತೂ ಅಲ್ಲ ಎಂದು ಸುಂದರಾ ಬಿಡಿಸಿ ಹೇಳಿದರು. ಅಂದು ತುಕಾರಾಮ ಇಳಿಸಿದ ಬೆಲ್ಲದ ಚೂರು ಮುರಿದು ಎಲ್ಲರೆದುರೇ ಬಾಯಿಗೆ ಹಾಕಿಕೊಂಡರು.

“ನೀ ತಿಂದ್ರ ಏನಾತ ಸುಂದರಾ? ನಾವ ತಿನ್ನಬೇಕಲ್ಲ.”

ಆ ಮಾತಿನಲ್ಲಿ ‘ನೀ’ ಯಾರು, ‘ನಾವು’ ಯಾರು ಎಂದು ಅಂಗಳದಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಮನೆಯ ನೀರಿನ ಚರಿಗೆ ಇಂದಿಗೂ ಸುಂದರಾಳ ಕೈಗೆ ಬಂದಿಲ್ಲ. ಅವರು ಬೆಲ್ಲ ನುಂಗಿ, ಪಡಸಾಲೆಯ ಹತ್ತಿರ ಸರಿದು, ಮನೆಯವರಿಗಷ್ಟೇ ಕೇಳುವ ದನಿಯಲ್ಲಿ ಹೇಳಿದರು: “ಹೋದ ವರ್ಷ ನಿಮ್ಮ ಮನಿ ಮಂದಿಗೆಲ್ಲ ಕಜ್ಜಿ ಆಗಿತ್ತರಿ, ಸಾವಕಾರ್ರ. ಬಾಗಲಾ ಹಾಕ್ಕೊಂಡ ಎಲ್ಲಾರ ಮೈಗೂ ಔಷಧ ಹಚ್ಚಿದಾಕಿ ನಾನ. ಊರಾಗ ಯಾರಿಗರೆ ಗೊತ್ತಾತೇನ್ರಿ?”

ಪಡಸಾಲೆಯಲ್ಲಿ ಕೂತಿದ್ದ ಸಾವಕಾರರ ತಾಯಿ ಸೋನಾಬಾಯಿ, “ರಾವಸಾಬ, ತುಕಾರಾಮ ನಾಳೆ ಕೆಲಸಕ್ಕ ಬರಲಿ,” ಎಂದರು. ಮುದುಕಿಗೆ ಬಂದದ್ದು ಮನಸ್ಸಿನ ಬದಲಾವಣೆಯೋ, ಗುಟ್ಟು ಒಡೆಯುವ ಭಯವೋ? ಸುಂದರಾ ಆ ಲೆಕ್ಕಕ್ಕೆ ಹೋಗಿಲ್ಲ. “ಗುಟ್ಟ ನಾ ಯಾರಿಗೂ ಹೇಳತಿರಲಿಲ್ಲ. ಖರೆ, ಅವರಿಗೆ ಅದು ಗೊತ್ತಿರಲಿಲ್ಲ,” ಎಂದು ನಗುತ್ತಾರೆ. ಆ ಮನೆಯವರೇ ಈಗ ಆ ಕಜ್ಜಿಯ ಕಥೆಯನ್ನು ತಮಾಷೆಯಾಗಿ ಹೇಳಿಕೊಳ್ಳುವುದರಿಂದ ಸುಂದರಾ ಅದನ್ನು ನಮಗೂ ಹೇಳಿದ್ದಾರೆ, ಅಷ್ಟೆ.

ತುಕಾರಾಮ ಈಗ ಪಾಕಕ್ಕೆ ಕೈ ಹಾಕುವುದಿಲ್ಲ. ಉದ್ದ ಹಿಡಿಕೆಯ ಥರ್ಮಾಮೀಟರ್ ಬಂದಿದೆ. ಮೊದಮೊದಲು ಅದನ್ನು ಮುಟ್ಟಲೂ ಅವನಿಗೆ ಅವಮಾನವಾಗುತ್ತಿತ್ತು. ಗುಳಿಗೆಯ ವರ್ಷ ಮುಗಿದಿದೆ. ಕಿರುಬೆರಳು ತುಸು ಬಾಗಿಯೇ ಉಳಿಯಿತು, ಮಿಕ್ಕವು ನೆಟ್ಟಗಿವೆ. ತನ್ನ ಹೆಸರು ಮುಚ್ಚಿಡುವುದು ಬೇಡವೆಂದು ಅವನೇ ಹೇಳಿದ್ದಾನೆ.

ಹೋದ ವಾರ ಉಗಾರ ಖುರ್ದದ ಗಾಣವೊಂದರಲ್ಲಿ ಒಲೆಗೆ ಸಿಪ್ಪೆ ಹಾಕುವ ಬಾಳಾಸಾಬನನ್ನು ತುಕಾರಾಮ ತನ್ನ ಸೈಕಲ್ ಮೇಲೆ ಕೂರಿಸಿಕೊಂಡು ಬಂದ. ಬಾಳಾಸಾಬ ಸುಂದರಾಳ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ತಾನೇ ಅಂಗಿಯ ತೋಳು ಮಡಚಿದ.

“ಹನ್ನೆರಡ ವರ್ಷದಾಗ ಏಳು ಮಂದೀನ ಹುಡಿಕೇನ್ರಿ,” ಎನ್ನುತ್ತಾರೆ ಸುಂದರಾ. “ಏಳೂ ಮಂದಿಗೆ ನಾನ ಬೆನ್ನ ಹತ್ತಿದ್ದು. ತಾನಾಗಿ ನಮ್ಮ ಮನೀ ಬಾಗಲಕ್ಕ ಬಂದಾವ ಇಂವ ಒಬ್ಬನ.”