ಮುಚ್ಚಳ ತೆಗೆಯದ ಬಾಟಲಿ

ಕುಬುಸದ ಶಾಸ್ತ್ರ ಮುಗಿಸಿ ಮಗಳು ಸವಿತಾಳನ್ನು ಹೆರಿಗೆಗೆಂದು ಅವಳ ಗಂಡನ ಊರು ಚನ್ನಗಿರಿಯಿಂದ ನಮ್ಮೂರು ನ್ಯಾಮತಿಗೆ ಕರೆದುಕೊಂಡು ಹೊರಟೆ. ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕಂಡಕ್ಟರ್ ಅವಳಿಗೆ ಉಚಿತ ಟಿಕೆಟ್ ಕೊಟ್ಟು ನನ್ನ ಮುಂದೆ ಕೈ ಚಾಚಿದ. ಗಂಡಸಾಗಿ ಹುಟ್ಟಿದ್ದಕ್ಕೆ ದಂಡ ಎಂದು ಗೊಣಗಿಕೊಂಡೇ ಕಾಸು ಕೊಟ್ಟೆ.

ಬಸ್ಸು ಊರು ದಾಟುವ ಮೊದಲೇ ಸವಿತಾ, "ಒಂದು ಕೂಲ್ ಡ್ರಿಂಕ್ಸ್ ಕೊಡಿಸಪ್ಪಾ," ಎಂದಳು. ಅವಳ ರಕ್ತದಲ್ಲಿ ಸಕ್ಕರೆ ಅಂಶ ಹೆಚ್ಚಾಗಿದೆ, ಬಣ್ಣದ ಸಿಹಿ ಸೋಡಾ ಮುಟ್ಟಬಾರದು ಎಂದು ಡಾಕ್ಟರು ಹಿಂದಿನ ವಾರವಷ್ಟೇ ಹೇಳಿದ್ದರು. ನನ್ನ ಹೆಂಡತಿ ಫೋನಿನಲ್ಲೂ ತಾಕೀತು ಮಾಡಿದ್ದಳು.

"ನಿಮ್ಮವ್ವ ನನ್ನನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ, ಸುಮ್ನಿರವ್ವ," ಎಂದೆ.

ಆದರೂ ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಲು ತವರಿನವರಿಗೆ ನಾಲಿಗೆ ಹೊರಳುವುದಿಲ್ಲ. ಸಾಸ್ವೆಹಳ್ಳಿಯಲ್ಲಿ ಅವಳು ಮತ್ತೆ ಕೇಳಿದಾಗ ಇಳಿದು ಹೋಗಿ ಕಿತ್ತಳೆ ಬಣ್ಣದ ಒಂದು ಬಾಟಲಿ ತಂದೆ. "ಎರಡೇ ಗುಟುಕು," ಎಂದು ಮುಚ್ಚಳಕ್ಕೆ ಕೈ ಹಾಕಿ ಅವಳ ಮುಖ ನೋಡಿದೆ. ಅದು ಆಸೆಪಟ್ಟವರ ಮುಖವಾಗಿರಲಿಲ್ಲ.

"ಯಾಕವ್ವ?"

"ಬೆಳಗಿಂದ ಮಗು ಅಲ್ಲಾಡೇ ಇಲ್ಲಪ್ಪ. ತಣ್ಣಂದು, ಸಿಹಿದು ಕುಡಿದ್ರೆ ಒದೀತೈತೆ ಅಂತ ನಾದಿನಿ ಹೇಳಿದ್ಲು. ಅದಕ್ಕೇ ಕೇಳಿದ್ದು."

"ಮೊದಲು ಹೊನ್ನಾಳಿ ಆಸ್ಪತ್ರೆಗೆ ಹೋಗೋಣ," ಎಂದೆ. ಬಾಟಲಿಯನ್ನು ಚೀಲಕ್ಕೆ ತುರುಕಿದೆ. ಅಲ್ಲಿಂದ ಮುಂದೆ ಗದ್ದೆ ಇತ್ತೋ ಹೊಳೆ ಇತ್ತೋ, ನಾನಂತೂ ನೋಡಲಿಲ್ಲ. ಕೈ ಅಡ್ಡ ಹಿಡಿದವರಿಗೆಲ್ಲ ಬಸ್ಸು ನಿಲ್ಲಿಸುತ್ತಿದ್ದ ಡ್ರೈವರನ್ನು ಮನಸ್ಸಿನಲ್ಲೇ ಬೈಯುತ್ತ ಕೂತೆ.

ಹೊನ್ನಾಳಿಯಲ್ಲಿ ಇಳಿದವರೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ನರ್ಸಮ್ಮ ಸವಿತಾಳನ್ನು ಪರದೆಯ ಹಿಂದೆ ಮಲಗಿಸಿದರು. ನಾನು ಹೊರಗೆ ನಿಂತೆ. ಮಗುವಿನ ಎದೆಬಡಿತ ಕೇಳಿಸುವ ಯಂತ್ರದಿಂದ ಮೊದಲು ಬರೀ ಗರಗರ ಸದ್ದು. ಆಮೇಲೆ ನನ್ನ ಅಂಗಡಿಯ ಹೊಲಿಗೆ ಮಿಷನ್ನು ಬಿಡುವಿಲ್ಲದೆ ಓಡಿದಂಥ ಸದ್ದು. ಇಷ್ಟು ವರ್ಷ ಬಟ್ಟೆ ಹೊಲಿದಿದ್ದೇನೆ, ಆ ಸದ್ದಿಗೆ ಕಣ್ಣೀರು ಬಂದದ್ದು ಅದೇ ಮೊದಲು.

ಡಾಕ್ಟರು ಸ್ಕ್ಯಾನ್ ಮಾಡಿ, ಮಗು ಚೆನ್ನಾಗಿದೆ ಎಂದರು. ಸೋಡಾದ ವಿಷಯ ಕೇಳಿದ ನರ್ಸಮ್ಮ ಮಾತ್ರ ಬಿಡಲಿಲ್ಲ. "ಅಲ್ಲಾಡೋದು ಕಮ್ಮಿ ಆತು ಅನಿಸಿದ್ರೆ ಅದು ಇದು ಕುಡಿದು ನೋಡಾಕೆ ಹೋಗಬ್ಯಾಡ್ರಿ. ಸೀದಾ ಆಸ್ಪತ್ರೆಗೆ ಬರ್ರಿ."

ಸವಿತಾ ತಲೆಯಾಡಿಸಿದಳು. ಅವಳ ಜೊತೆ ನಾನೂ ಆಡಿಸಿದೆ.

ನ್ಯಾಮತಿಯಲ್ಲಿ ಇಳಿದಾಗ ಸಂಜೆಯಾಗಿತ್ತು. ಹೆಂಡತಿ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಚೀಲ ಇಸಿದುಕೊಂಡವಳ ಕಣ್ಣಿಗೆ ಮೊದಲು ಬಿದ್ದದ್ದೇ ಬಾಟಲಿ.

"ಕುಡಿಸಿದ್ರಾ?"

"ಮುಚ್ಚಳ ನೋಡು, ತೆಗೆದಿಲ್ಲ," ಎಂದೆ.

ನನ್ನ ಮಾತು ನಂಬದೆ ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಸವಿತಾ ತಾಯಿಯ ಇನ್ನೊಂದು ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ಇಲ್ಲಿ ನೋಡವ್ವ. ಏನೂ ಕುಡೀದೇನೇ ಹೆಂಗೆ ಒದೀತೈತೆ."