ಮೀಟರಿನ ಕೆಂಪು ದೀಪ

ಪೀಣ್ಯದಲ್ಲಿ ಆಗ ಮೆಟ್ರೊ ಕಂಬಗಳು ಎದ್ದು ನಿಂತಿದ್ದವು, ಮೇಲೆ ರೈಲು ಇನ್ನೂ ಓಡುತ್ತಿರಲಿಲ್ಲ. ಆ ದಿನಗಳಲ್ಲಿ ಕರೆಂಟು ಹೋಗುವುದಕ್ಕೆ ಮಳೆಯೂ ಬೇಕಿರಲಿಲ್ಲ, ಗಾಳಿಯೂ ಬೇಕಿರಲಿಲ್ಲ. ಎಷ್ಟು ಹೊತ್ತಿಗೆ ಹೋಗುತ್ತದೆ ಅಂತ ಪೇಪರಿನಲ್ಲಿ ಬರುತ್ತಿತ್ತು. ಅದು ಮಾತ್ರ ತನಗೆ ಬೇಕಾದಾಗಲೇ ಹೋಗುತ್ತಿತ್ತು. ಹೋದ ತಕ್ಷಣ ನಮ್ಮ ಬೀದಿಯ ಹಿಂದಿನ ಶೆಡ್ಡುಗಳಲ್ಲಿ ಪ್ರೆಸ್ ಮಿಷನ್ನುಗಳ ಧಡ್ ಧಡ್ ನಿಂತುಬಿಡುತ್ತಿತ್ತು. ಮಿಷನ್ನು ಬಿಸಿಯಾಗದಂತೆ ಸುರಿಯುವ ಕೂಲಂಟ್ ಎಣ್ಣೆಯ ಕಮಟು ವಾಸನೆ, ಕೆಲಸಗಾರರು ಹೊರಗೆ ಬಂದು ಟೀ ಅಂಗಡಿ ಮುಂದೆ ಆಡುವ ಮಾತು, ಅಷ್ಟೇ ಉಳಿಯುತ್ತಿತ್ತು. ಆ ಕಡೆ ಬೆಳೆದವರಿಗೆ ಆ ನಿಶ್ಶಬ್ದ ನೆನಪಿರಬಹುದು. ನಾನಂತೂ ಆ ಸದ್ದು ನಿಂತರೆ ಎಲ್ಲಿದ್ದರೂ ಮನೆಗೆ ಓಡುತ್ತಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ಎಂಟು ಮೀನುಗಳಿದ್ದವು, ಅವುಗಳ ಗಾಳಿಯ ಪಂಪು ಕರೆಂಟಿನಲ್ಲಿ ಓಡುತ್ತಿತ್ತು.

ನಾನು ಒಂದು ಕಡೆ ಕೂರುವ ಮಗುವೇ ಅಲ್ಲ. ಆರನೇ ಕ್ಲಾಸಿನ ಮಿಸ್ಸು ಡೈರಿಯಲ್ಲಿ ಬರೆದೂ ಬರೆದೂ ಸುಸ್ತಾಗಿದ್ದರು. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಬಾಗಿಲಿಗೆ, ಮತ್ತೆರಡು ತುತ್ತಿಗೆ ಎದ್ದು ಬಾಲ್ಕನಿಗೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೆ ಈ ಹುಡುಗಿ" ಅಂತ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದ ನನ್ನ ಅಣ್ಣ ಮಂಜು ಒಂದು ದಿನ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟ ಎರಡಡಿ ಗಾಜಿನ ತೊಟ್ಟಿಯನ್ನು ಸೈಕಲ್ಲಿನ ಮೇಲೆ ಹೊತ್ತು ತಂದ. ಎಂಟು ಗೋಲ್ಡ್‌ಫಿಶ್ ಬಿಟ್ಟ. ಅವತ್ತು ನಾನು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವಳು ಇಡೀ ತಟ್ಟೆ ಅನ್ನ ಸಾರು ಮುಗಿಸಿದೆ. ಅಮ್ಮ ಬಾಗಿಲ ಬಳಿ ನಿಂತು ನೋಡಿ, ಖಾಲಿ ತಟ್ಟೆ ಎತ್ತಿಕೊಂಡು ಹೋದಳು. ನಾನು ಹಾಗೆ ಉಣ್ಣದಿದ್ದರೆ ಆ ತೊಟ್ಟಿ ನಮ್ಮ ಮನೆಯಲ್ಲಿ ಒಂದು ವಾರವೂ ಇರುತ್ತಿರಲಿಲ್ಲ.

ಮೀನಿಗೆ ಹೆಸರಿಟ್ಟಿದ್ದು ನಾನೇ. ಏಳು ಕೆಂಪು, ಒಂದು ಕಪ್ಪು. ಕೆಂಪಿನವು ಒಂದೇ ಥರ ಇದ್ದವು, ದಿನಾ ಹೆಸರು ಅದಲು ಬದಲಾಗುತ್ತಿತ್ತು. ಕಪ್ಪಿನದು ಕರಿಯ. ಕಣ್ಣು ಹೊರಗೆ ಬಂದು, ಸೊಟ್ಟಗೆ ಈಜುತ್ತಿತ್ತು, ನೋಡೋಕೆ ಚೆಂದ ಇರಲಿಲ್ಲ. ಕರೆಂಟು ಹೋಗಿ ಪಂಪು ನಿಂತರೆ ಅರ್ಧ ಗಂಟೆಗೆ ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮತ್ತೆ ಅದಕ್ಕೇ ಸುರಿಯುತ್ತಿದ್ದೆ, ಹಾಗೆ ಮಾಡಿದರೆ ಗಾಳಿ ಸೇರುತ್ತದೆ ಅಂತ ಅಣ್ಣ ಹೇಳಿಕೊಟ್ಟಿದ್ದ. ಕೈ ಬಿದ್ದುಹೋಗುತ್ತಿತ್ತು.

ಆ ವರ್ಷ ದಸರಾ ರಜೆಗೆ ದಾವಣಗೆರೆಯ ಅಜ್ಜಿ ಮನೆಗೆ ಒಂಬತ್ತು ದಿನ ಹೋಗುವುದು ಅಂತಾಯಿತು. ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಮೀನಿಗೋಸ್ಕರ ಯಾರೂ ಇಲ್ಲಿ ಉಳ್ಕೊಳ್ಳಲ್ಲ. ಬಂದು ನೋಡ್ದಾಗ ಬದುಕಿದ್ರೆ ಸರಿ. ಸತ್ತಿದ್ರೆ ಆ ಗಾಜಿನ ಡಬ್ಬ ಅಟ್ಟಕ್ಕೆ. ಮತ್ತೆ ಮೀನು ಅಂದ್ರೆ ನೋಡಿ."

ನಾನು ಅಳಲು ಶುರು ಮಾಡಿದೆ. ಅಣ್ಣ ನಕ್ಕ. "ಅಳ್ಬೇಡ ಪುಟ್ಟಿ. ಒಂದು ಮಿಷನ್ ಮಾಡೋಣ. ನಾವು ಇಲ್ದಿದ್ರೂ ಅದೇ ನೋಡ್ಕೊಳ್ಳುತ್ತೆ."

ಹೊರಡುವುದಕ್ಕೆ ಮೂರು ವಾರವಿತ್ತು. ಅಣ್ಣ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಿಂದ ಹೇಳಿಕೊಟ್ಟ ಹೊತ್ತಿಗೆ ಕೆಲಸ ಮಾಡಿಸುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ನೀಲಿ ಬೋರ್ಡು, ತಾನಾಗೇ ಒತ್ತಿಕೊಳ್ಳುವ ಸ್ವಿಚ್ಚಿನಂಥ ಎರಡು ರಿಲೇ, ಎರಡು ಸಾಲಿನ ಪುಟ್ಟ ಸ್ಕ್ರೀನು, ಪುಟಾಣಿ ಮೋಟಾರು ತಂದ. ಅಪ್ಪ ಲೇತ್ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯಿಂದ ಮೋಟಾರು ಕೂರಿಸಲು ಒಂದು ಅಲ್ಯೂಮಿನಿಯಂ ತುಂಡನ್ನು ಬಗ್ಗಿಸಿ ತಂದುಕೊಟ್ಟರು. ಬೈಕಿನ ಹಳೇ ಬ್ಯಾಟರಿ ಗ್ಯಾರೇಜಿನಿಂದ ಬಂತು. ಕಾಲೇಜು ಮುಗಿಸಿ ಬಂದ ಅಣ್ಣ ಬಾಲ್ಕನಿಯಲ್ಲಿ ಸಾಲ್ಡರ್ ಮಾಡಲು ಕೂತರೆ ನಾನು ವೈರು ಹಿಡಿದುಕೊಳ್ಳಬೇಕು. ಬಿಸಿ ಸೀಸ, ರಾಳದ ಹೊಗೆ, ಮೂಗಿಗೆ ಖಾರ ಖಾರ. "ಅಲ್ಲಾಡಿಸ್ಬೇಡ ಕಣೇ, ಒಂದು ನಿಮಿಷ" ಅನ್ನುತ್ತಿದ್ದ. ಆ ಒಂದು ನಿಮಿಷ ನನಗೆ ಒಂದು ಯುಗ. ಕಾಲು ತುರಿಸುತ್ತಿತ್ತು, ಬೆನ್ನು ತುರಿಸುತ್ತಿತ್ತು. ಆದರೂ ಹಿಡಿದುಕೊಂಡೆ. ಕೊನೆಗೆ ಸ್ವೀಟ್ ಡಬ್ಬದೊಳಗೆ ಎಲ್ಲ ಸೇರಿತು. ಊಟ ಉದುರಿಸುವುದಕ್ಕೆ ಸಿಕ್ಕಿದ್ದು ಖಾಲಿ ಇಂಗಿನ ಡಬ್ಬಿ, ಪಕ್ಕಕ್ಕೊಂದು ತೂತು ಕೊರೆದು ಮೋಟಾರಿಗೆ ಸಿಕ್ಕಿಸಿದ. ಅದು ಒಂದು ಸುತ್ತು ತಿರುಗಿದರೆ ಒಂದು ಚಿಟಿಕೆ ಊಟ ನೀರಿಗೆ ಬೀಳುತ್ತಿತ್ತು.

"ಥೂ, ಸೀಗಡಿ ವಾಸನೆ ಪುಡೀನ ನನ್ನ ಇಂಗಿನ ಡಬ್ಬೀಲಿ ತುಂಬ್ತೀರಾ!" ಅಂತ ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಡಬ್ಬಿ ತಿರುಗುವುದನ್ನು ನೋಡಲು ತಾನೇ ಬಂದು ನಿಂತಳು.

ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಊಟ. ಹಗಲಿಗೆ ಟ್ಯೂಬ್‌ಲೈಟ್ ಹತ್ತಬೇಕು, ರಾತ್ರಿ ಆರಬೇಕು. ಕರೆಂಟು ಹೋದರೆ ರಿಲೇ ಟಕ್ ಅಂದು ಪಂಪು ಬ್ಯಾಟರಿಗೆ ಬದಲಾಗಬೇಕು, ಬಂದರೆ ಟಕ್ ಅಂದು ವಾಪಸ್ಸು. ಬ್ಯಾಟರಿ ಎಂಟು ಗಂಟೆ ಬರುತ್ತಿತ್ತು. ಊಟ ಹಾಕಿದ್ದು ಎಷ್ಟು ಸಲ ಅಂತ ಸ್ಕ್ರೀನಿನಲ್ಲಿ ಬರುತ್ತಿತ್ತು, ಕರೆಂಟು ಹೋದರೂ ಆ ಸಂಖ್ಯೆ ಅಳಿಸುತ್ತಿರಲಿಲ್ಲ. ಮೊದಲ ಸಲ ಕರೆಂಟು ಹೋಗಿ, ಟಕ್ ಅಂದು, ಗುಳ್ಳೆಗಳು ನಿಲ್ಲದೆ ಬಂದಾಗ ನಾನು ಕೇಕೆ ಹಾಕಿ ಕುಣಿದೆ. ಅಣ್ಣ ಸುಮ್ಮನೆ ಕಾಲರ್ ಎತ್ತಿಕೊಂಡ.

ಈಗ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಊರಿಗೆ ಹೊರಡುವಾಗ ಎಲ್ಲರೂ ಬ್ಯಾಗು ಹಿಡಿದು ಇಳಿದ ಮೇಲೆ ಕಡೆಗೆ ಹೊರಡುವವಳು ನಾನು. ಗ್ಯಾಸ್ ಆಫ್, ನಲ್ಲಿ ಬಂದ್, ಬೀಗ, ಕೆಳಗೆ ಬಂದು ಮೇನ್ ಆಫ್. ಮನೆಯಲ್ಲಿ ನಿಂತ ಕಡೆ ನಿಲ್ಲದವಳಿಗೆ ಅಪ್ಪ ಹೊರಿಸಿದ ಜವಾಬ್ದಾರಿ ಅದು, ನನಗೆ ಅದರ ಬಗ್ಗೆ ಬಹಳ ಜಂಬ. ಮೇನ್ ಇದ್ದದ್ದು ಮೆಟ್ಟಿಲಿನ ಕೆಳಗೆ. ನಾಲ್ಕು ಮನೆಯ ನಾಲ್ಕು ಮೀಟರು, ಒಂದೊಂದರ ಕೆಳಗೆ ಒಂದೊಂದು ಕರಿ ಹಿಡಿ. ಆನ್, ಆಫ್ ಅಂತ ಬರೆದದ್ದು ಎಂದೋ ಅಳಿಸಿಹೋಗಿತ್ತು.

"ಈ ಸಲ ಮೇನ್ ಮುಟ್ಟಂಗಿಲ್ಲ, ಗೊತ್ತಲ್ಲ?" ಅಂತ ಅಣ್ಣ ಹತ್ತು ಸಲ ಹೇಳಿದ್ದ. ನಾನು ಹತ್ತು ಸಲ "ಗೊತ್ತೂ..." ಅಂದಿದ್ದೆ.

ಬಸ್ಸು ತುಮಕೂರು ದಾಟಿತ್ತು. ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಒಂದು ತುತ್ತು ಎತ್ತಿದವಳು ಮತ್ತೆ ಕೆಳಗಿಟ್ಟೆ. ಹೊರಡುವಾಗ ಮೆಟ್ಟಿಲಿನ ಕೆಳಗೆ ನಾನು ನಿಂತಿದ್ದೆ. ಹಿಡಿ ಕೈಗೆ ತಣ್ಣಗೆ ತಾಕಿದ್ದು ನೆನಪಿದೆ. ತಿರುಗಿಸಿದೆನೋ? ತಿರುಗಿಸಲಿಲ್ಲವೋ? ಆ ತಣ್ಣನೆ ಇವತ್ತಿನದೋ, ಹೋದ ವರ್ಷದ್ದೋ?

"ಅಣ್ಣಾ, ಮೇನ್ ಆನ್ ಇದೆ ಅಲ್ವಾ?"

"ಕಡೇಲಿ ಬಂದಿದ್ದು ನೀನು. ಮುಟ್ಟಿಲ್ಲ ತಾನೆ?"

"ಇಲ್ಲಪ್ಪ."

"ಹಂಗಾದ್ರೆ ಇದೆ." ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ನನ್ನ ಒಂದು 'ಇಲ್ಲ' ಅವನಿಗೆ ಸಾಕಾಗಿತ್ತು.

ನನಗೆ ಸಾಕಾಗಲಿಲ್ಲ. ದಾವಣಗೆರೆಯಲ್ಲಿ ಮೂರು ದಿನ ನಾನು ಅನುಭವಿಸಿದ್ದು ನನಗೇ ಗೊತ್ತು. ಸಂಜೆ ಮಾವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಬೇಡ ಅಂದೆ. ಅಜ್ಜಿ ಹಣೆ ಮುಟ್ಟಿ ಜ್ವರ ನೋಡಿದಳು. ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದದ್ದೂ ತಿಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎಂಟು ಬಾಯಿ ಮೇಲೆ ಬಂದು ತೆರೆದು ಮುಚ್ಚುತ್ತಿದ್ದವು. ಅಣ್ಣನಿಗೆ ಹೇಳೋಣ ಅಂತ ನಾಲ್ಕು ಸಲ ಹೋದೆ. "ಮುಟ್ಟಿಲ್ಲ" ಅಂದುಬಿಟ್ಟಿದ್ದೇನಲ್ಲ, ಈಗ ಯಾವ ಬಾಯಲ್ಲಿ ಹೇಳುವುದು? ನಾಲ್ಕು ಸಲವೂ ಹಾಗೇ ವಾಪಸ್ಸು ಬಂದೆ.

ನಾಲ್ಕನೆಯ ದಿನ ಸಂಜೆ ಆರು ದಾಟಿದ ಮೇಲೆ, ಅಮ್ಮ ಒಳಗೆ ಹೋಳಿಗೆ ತಟ್ಟುತ್ತಿದ್ದಾಗ, ಅವಳ ಫೋನು ಕದ್ದುಕೊಂಡು ಮಾಳಿಗೆ ಹತ್ತಿದೆ. ನಮ್ಮ ಕೆಳಗಿನ ಮನೆಯ ಜಯಮ್ಮ ಆಂಟಿಗೆ ಫೋನ್ ಮಾಡಿದೆ. ಕುಣಿಗಲ್ ಕಡೆಯವರು, ಯಾರಿಗೂ ಇಲ್ಲ ಅನ್ನದ ಹೆಂಗಸು.

"ಆಂಟಿ, ನಮ್ಮ ಮೀಟರಲ್ಲಿ ಕೆಂಪು ದೀಪ ಮಿಣುಕ್ ಮಿಣುಕ್ ಅಂತಿದ್ಯಾ ನೋಡ್ತೀರಾ? ಮೇಲಿಂದ ಎರಡನೇದು."

ಕರೆಂಟು ಖರ್ಚಾದರೆ ಮೀಟರಿನ ಆ ದೀಪ ಮಿನುಗುತ್ತದೆ ಅಂತ ಅಣ್ಣನೇ ಹೇಳಿದ್ದ. ಆಂಟಿ ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಕೇಳಿಸಿತು.

"ಇಲ್ಲ ಕಣವ್ವ. ನಮ್ದು ಪಟಪಟ ಅಂತ ಹೊಡ್ಕೋತಾ ಐತೆ. ನಿಮ್ದು ಸುಮ್ಕೆ ಕುಂತದೆ."

ಹಾಗಾದರೆ ಆಫ್ ಮಾಡಿದ್ದೇನೆ. ನಾನೇ ಮಾಡಿದ್ದೇನೆ.

"ಆಂಟಿ, ಅದ್ರ ಕೆಳಗಿನ ಕರಿ ಹಿಡೀನ ತಿರುಗಿಸಿಬಿಡಿ ಆಂಟಿ. ಬೇಗ!"

"ಯಾವ ಕಡೀಕವ್ವಾ?"

"ಈಗ ಹೆಂಗಿದ್ಯೋ ಅದಕ್ಕೆ ಉಲ್ಟಾ."

ಕಟಕ್ ಅಂತ ಸದ್ದು ಬಂತು. "ಈಗ ಮಿಣುಕ್ತಾ ಇದ್ಯಾ?" ಅಂದೆ. "ಮಿಣುಕ್ತದೆ ಬುಡವ್ವ, ಎಲ್ಲೋಯ್ತದೆ. ಕುಕ್ಕರ್ ಕೂಗ್ತಾ ಐತೆ ನಂದು" ಅಂತ ಫೋನ್ ಇಟ್ಟರು. ಅವತ್ತು ನಾನು ಮೂರು ಹೋಳಿಗೆ ತಿಂದೆ, ತುಪ್ಪ ಸುರಿದುಕೊಂಡು. ಉಳಿದ ದಿನಗಳಲ್ಲಿ ಅಜ್ಜಿ ಮನೆಯ ಕಾಂಪೌಂಡು ಹತ್ತಿ ಇಳಿದು ಎಲ್ಲರ ತಲೆ ತಿಂದೆ.

ವಾಪಸ್ಸು ಬಂದ ದಿನ ಮೆಟ್ಟಿಲಿಗೆ ಎಲ್ಲರಿಗಿಂತ ಮೊದಲು ಓಡಿದವಳು ನಾನು. ಬಾಗಿಲು ತೆಗೆದಾಗ ವಾಸನೆಯೇ ಹೇಳಿತು. ಏಳು ಕೆಂಪು ಮೀನುಗಳು ಮೇಲೆ ತೇಲುತ್ತಿದ್ದವು. ಕರಿಯ ಒಂದು ಮೂಲೆಯಲ್ಲಿ ಸೊಟ್ಟಗೆ ನಿಂತು ಕಿವಿರು ಆಡಿಸುತ್ತಿತ್ತು. ಅಣ್ಣ ತೊಟ್ಟಿಯ ಮುಂದೆ ಕೂತ. ಸ್ಕ್ರೀನು ಕಪ್ಪಗಿತ್ತು. ಸ್ವಿಚ್ಚು ಒತ್ತಿದ, ಮನೆಯ ಯಾವ ದೀಪವೂ ಹತ್ತಲಿಲ್ಲ. ಅವನು ಕೆಳಗಿಳಿದ, ನಾನು ಹಿಂದೆ. ಅಷ್ಟರಲ್ಲಿ ಜಯಮ್ಮ ಆಂಟಿ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು.

"ಬಂದ್ರಾ ಮಂಜಣ್ಣ? ನಿನ್ ತಂಗಿ ಜಾಣೆ ಬುಡು! ಊರಿಂದ ಫೋನ್ ಮಾಡಿ ಮೇನ್ ಆಪಾಗೈತೆ ಅಂದ್ಲು. ನಾನೇ ತಿರುಗ್ಸಿ ಸರಿ ಮಾಡ್ದೆ."

ಅಣ್ಣ ಹಿಡಿಯನ್ನು ನೋಡಿದ. ಮೀಟರನ್ನು ನೋಡಿದ. ನನ್ನನ್ನು ನೋಡಲಿಲ್ಲ. "ಬಹಳ ಉಪಕಾರ ಆಯ್ತು ಅಕ್ಕ. ನೀವಿಲ್ದಿದ್ರೆ ಕಷ್ಟ ಇತ್ತು" ಅಂದ. ಆಂಟಿ ಸಂತೋಷವಾಗಿ ಒಳಗೆ ಹೋದರು. ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಹಿಡಿ ತಿರುಗಿಸಿ ಮೇಲೆ ಬಂದೆವು. ಸ್ಕ್ರೀನು ಹತ್ತಿ, ಊಟ ಎಷ್ಟು ಸಲ ಅನ್ನುವಲ್ಲಿ ಏಳು ಅಂತ ತೋರಿಸಿತು. ಬೆರಳು ಮಡಚಿ ಎಣಿಸಿದೆ. ಹೊರಡುವಾಗ ಅಣ್ಣ ಅದನ್ನು ಸೊನ್ನೆಗೆ ತಂದಿದ್ದ; ಆ ದಿನ ಸಂಜೆ ಒಂದು, ಆಮೇಲೆ ದಿನಕ್ಕೆ ಎರಡೆರಡು. ನಾಲ್ಕನೆಯ ಸಂಜೆಗೆ ಏಳು. ನಾನು ಮಾಳಿಗೆ ಹತ್ತಿದ ಸಂಜೆ. ಅಲ್ಲಿಯವರೆಗೂ ಮಿಷನ್ನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಮೇನ್ ನಾನು ಮುಟ್ಟಿರಲೇ ಇಲ್ಲ. ಒಂದು ಪಂಪು, ಒಂದು ಟ್ಯೂಬ್‌ಲೈಟು ಎಷ್ಟು ಕರೆಂಟು ತಿಂದಾವು? ಅಷ್ಟಕ್ಕೆ ಆ ಕೆಂಪು ದೀಪ ನಿಮಿಷಕ್ಕೊಂದೇ ಸಲ ಮಿನುಗುತ್ತದೆ ಅಂತ ಅಣ್ಣ ಆಮೇಲೆ ಹೇಳಿದ. ಆಂಟಿ ಒಂದು ನಿಮಿಷ ನಿಂತಿದ್ದರೆ ಕಾಣುತ್ತಿತ್ತು. ನಿಲ್ಲಿ ಅಂತ ನಾನು ಹೇಳಿರಲಿಲ್ಲ, ಬೇಗ ಅಂದಿದ್ದೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸತ್ತ ಮೀನುಗಳನ್ನು ಪೇಪರಿಗೆ ಎತ್ತಿಡುತ್ತಾ, "ನನಗೊಂದು ಮಾತು ಹೇಳ್ಬೋದಿತ್ತಲ್ಲ ಪುಟ್ಟಿ" ಅಂದ. ಅಷ್ಟೇ. ನಾನು ಅವನ ಬೆನ್ನಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಕರಿಯನನ್ನು ಅಣ್ಣ ತನ್ನ ಸ್ನೇಹಿತನ ತೊಟ್ಟಿಗೆ ಬಿಟ್ಟುಬಂದ. ಗಾಜಿನ ಡಬ್ಬ ಅಟ್ಟಕ್ಕೆ ಹೋಯಿತು.

ಈಗ ನಾನು ಎಲೆಕ್ಟ್ರಾನಿಕ್ ಸಿಟಿಯ ಕಡೆ ಇದ್ದೇನೆ. ಮನೆಯೊಳಗೆ ಕ್ಯಾಮೆರಾ ಇದೆ, ಎಲ್ಲಿ ಕೂತರೂ ಫೋನಿನಲ್ಲಿ ನಡುಮನೆ, ಅಡುಗೆಮನೆ, ಗ್ಯಾಸಿನ ಸಿಲಿಂಡರು ಕಾಣುತ್ತವೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅನುಮಾನ ಬಂದರೆ ಆ ಕ್ಷಣಕ್ಕೆ ಉತ್ತರ ಸಿಗುತ್ತದೆ, ಮರುಕ್ಷಣಕ್ಕೆ ಇನ್ನೊಂದು ಅನುಮಾನ. ಅಣ್ಣ ಪೀಣ್ಯದಲ್ಲೇ ಸಣ್ಣ ಶೆಡ್ಡಿನಲ್ಲಿ ಫ್ಯಾಕ್ಟರಿಗಳಿಗೆ ಕರೆಂಟಿನ ಪ್ಯಾನೆಲ್ ಬೋರ್ಡು ಮಾಡಿಕೊಡುತ್ತಾನೆ. ಹೋದರೆ ಕಾಫಿ ತರಿಸುತ್ತಾನೆ, ನಗಿಸುತ್ತಾನೆ. ವೈರು ಹಿಡಿಯಲು ಹುಡುಗರಿದ್ದಾರೆ, ನನ್ನನ್ನು ಕರೆಯಬೇಕಾದ್ದಿಲ್ಲ.

ಎಂಟು ಮೀನಿನ ವಿಷಯ ಮನೆಯಲ್ಲಿ ಎಲ್ಲರೂ ಮರೆತರು. ನನಗೆ ಮರೆಯದೇ ಉಳಿದದ್ದು ಆಮೇಲಿನ ಯುಗಾದಿ. ಊರಿಗೆ ಹೊರಟಿದ್ದೆವು. ಬ್ಯಾಗುಗಳು ಇಳಿದಿದ್ದವು, ಆಟೋ ಬಂದಿತ್ತು. ಗ್ಯಾಸ್ ನೋಡಿದೆ, ನಲ್ಲಿ ನೋಡಿದೆ, ಬೀಗ ಹಾಕಿದೆ, ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದೆ. ಮೀಟರುಗಳ ಮುಂದೆ ಅಣ್ಣ ಆಗಲೇ ನಿಂತಿದ್ದ.

"ನೀನು ಹೋಗಿ ಆಟೋದಲ್ಲಿ ಕೂತ್ಕೋ ಪುಟ್ಟಿ" ಅಂದ, ತುಂಬಾ ಮೆತ್ತಗೆ. "ಮೇನ್ ನಾನು ನೋಡ್ತೀನಿ."

ನಾನು ಹೋಗಿ ಕೂತೆ. ಅಲ್ಲಾಡದೆ ಕೂತೆ.