ಬಸುರಿಯ ಹಲ್ಲು, ಗಿರಿಜವ್ವನ ಗುಟ್ಟು

ಕೆನಡಾದ ಸ್ಟ್ರೀಟ್ಸ್‌ವಿಲ್ಲಿನ ಸುತ್ತಮುತ್ತ ಕನ್ನಡದವರ ಯಾವ ಮನೆಯಲ್ಲಿ ಹುಡುಗಿ ಬಸುರಿಯಾದ ಸುದ್ದಿ ಕಿವಿಗೆ ಬಿದ್ದರೂ ಗಿರಿಜವ್ವ ಹೋಗಿ ಮಾತಾಡಿಸಿ ಬರುತ್ತಾಳೆ. ಬಯಕೆ ಏನು, ವಾಂತಿ ನಿಂತಿತೇ ಎಂಬುದೆಲ್ಲ ಆಮೇಲೆ. ಮೊದಲು ಕೇಳುವುದು, "ಹಲ್ಲು ಹೆಂಗದಾವ, ಮಗಳ?"

"ಅಜ್ಜೀ, ದಟ್ಸ್ ಸೋ ವಿಯರ್ಡ್," ಎಂದು ಎಂಟು ವರ್ಷದ ಮೊಮ್ಮಗಳು ಅಕ್ಷಯಾ ಮುಖ ಮುಚ್ಚಿಕೊಳ್ಳುತ್ತಾಳೆ.

"ನಗಬ್ಯಾಡ. ನಿನ್ನ ಸಲುವಾಗೇ ಕಲ್ತದ್ದಿದು," ಎನ್ನುತ್ತಾಳೆ ಅಜ್ಜಿ.

ಗಿರಿಜವ್ವ ಬೈಲಹೊಂಗಲದ ಕಡೆಯವಳು. ಶಾಲೆ ಕಂಡದ್ದು ಮೂರನೇ ಇಯತ್ತೆಯವರೆಗೆ. ಗಂಡ ಬೇಗ ತೀರಿಕೊಂಡ. ಧಾರವಾಡದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದು ಮಗ ಬಸವೇಶನನ್ನು ಓದಿಸಿದಳು. ರೊಟ್ಟಿ ಬೆಂದದ್ದನ್ನು ಅವಳು ಕಣ್ಣಿಗಿಂತ ಕಿವಿಯಿಂದ ತಿಳಿಯುತ್ತಿದ್ದಳು. ಹಂಚಿನ ಮೇಲೆ ನೀರು ಸವರಿದಾಗಿನ ಸದ್ದು, ಮಗುಚಿದ ಮೇಲಿನ ಸದ್ದು, ಒಲೆಯ ಬದಿಗೆ ಒರಗಿಸಿದಾಗ ಒಣಗುವ ಸದ್ದು, ಒಂದೊಂದೂ ಬೇರೆ ಎನ್ನುತ್ತಿದ್ದಳು. ಮಗ ಕೆನಡಾಕ್ಕೆ ಬಂದು ತಾಯಿಯನ್ನು ಕರೆಸಿಕೊಂಡದ್ದು ತೊಂಬತ್ತೇಳರಲ್ಲಿ. ಅವನು ಬೋಲ್ಟನ್ನಿನ ಗೋದಾಮಿನಲ್ಲಿ ಏಜೆನ್ಸಿ ಮೂಲಕ ದುಡಿಯುತ್ತಿದ್ದ. ಮನೆ ಒಂದು ಬೇಸ್‌ಮೆಂಟು. ಇವಳು ಕೆಳಗೆ ರೊಟ್ಟಿ ಬಡಿದರೆ ಮೇಲಿನ ಪಂಜಾಬಿ ಮನೆಯೊಡತಿ, ಬಾಗಿಲು ಬಡಿಯುತ್ತಿದ್ದಾರೆಂದು ಇಳಿದು ಬರುತ್ತಿದ್ದಳು. ಬಂದವಳು ಎರಡು ರೊಟ್ಟಿ ತಿಂದು ಹೋಗುತ್ತಿದ್ದಳು.

ಮರುವರ್ಷ ಸೊಸೆ ತೃಪ್ತಿ ಬಂದಳು. ಬಂದ ಆರು ತಿಂಗಳಿಗೆ ಬಸುರಿಯಾದಳು. ಆ ಸಂತೋಷಕ್ಕೆ ಗಿರಿಜವ್ವ ಯುಗಾದಿಯ ಕೂಟದಲ್ಲಿ ಎಲ್ಲರಿಗೂ ಹೇಳಿಬಿಟ್ಟಳು. ಹದಿನೈದು ದಿನ ಕಳೆಯುವುದರೊಳಗೆ ಬಸುರು ಹೋಯಿತು. ಡಾಕ್ಟರು, ಇದು ಯಾರ ತಪ್ಪೂ ಅಲ್ಲ ಎಂದರು. ಗಿರಿಜವ್ವನಿಗೆ ಮಾತ್ರ, ತನ್ನ ಬಾಯಿಯಿಂದಲೇ ದೃಷ್ಟಿಯಾಯಿತೆಂದು ಅನ್ನಿಸಿತು.

ಆದ್ದರಿಂದ ತೃಪ್ತಿ ಎರಡನೆಯ ಸಲ ಬಸುರಿಯಾದಾಗ ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಐದನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡುವವರೆಗೆ ಡಾಕ್ಟರೊಬ್ಬರನ್ನು ಬಿಟ್ಟು ಯಾರಿಗೂ ಹೇಳಕೂಡದು, ನಮ್ಮ ಮಂದಿಗಂತೂ ಕೂಡದೇ ಕೂಡದು.

ಅಷ್ಟರಲ್ಲಿ ತೃಪ್ತಿಯ ಕೆಳದವಡೆಯ ಒಂದು ಹಲ್ಲು ನೋಯತೊಡಗಿತು. ಮೊದಲು ತಣ್ಣೀರು ತಾಕಿದರೆ ಜುಮ್ಮೆನ್ನುತ್ತಿತ್ತು. ಆಮೇಲೆ ವಸಡು ಊದಿತು. ಹೆಲ್ತ್ ಕಾರ್ಡಿನಲ್ಲಿ ಹಲ್ಲಿನ ಖರ್ಚು ಸೇರುವುದಿಲ್ಲವೆಂದು ಬಸವೇಶ ಹೇಳಿದಾಗ ತಾಯಿಗೆ ನಂಬಲಾಗಲಿಲ್ಲ. "ಅಲ್ಲೋ, ಈ ದೇಶದಾಗ ಹಲ್ಲು ಮೈಯಾಗ ಲೆಕ್ಕ ಇಲ್ಲೇನ?"

ಬಸುರಿ ತಪಾಸಣೆಗೆ ಹೋದಲ್ಲಿ ಡಾಕ್ಟರು ಬಾಯಿ ನೋಡಿ ಗಂಭೀರರಾದರು. ಹಲ್ಲಿನ ಬುಡದಲ್ಲಿ ಕೀವು ತುಂಬಿದರೆ ತಾಯಿಗೂ ಕೂಸಿಗೂ ಒಳ್ಳೆಯದಲ್ಲ, ತಡ ಮಾಡಬೇಡಿ ಎಂದು ಒಂದು ವಿಳಾಸ ಬರೆದುಕೊಟ್ಟರು. ಕ್ವೀನ್ ಸ್ಟ್ರೀಟಿನ ಅಂಗಡಿಗಳ ಹಿಂದೆ ಒಂದು ಹಳೆಯ ಸಭಾಭವನದಲ್ಲಿ ಗುರುವಾರ ಮಧ್ಯಾಹ್ನ ಪುಕ್ಕಟೆ ಹಲ್ಲು ನೋಡುತ್ತಾರೆ, ಔಷಧವನ್ನೂ ಅಲ್ಲೇ ಕೊಡುತ್ತಾರೆ ಎಂದರು.

ಅತ್ತೆ ಸೊಸೆ ಇಬ್ಬರೂ ಹಿಮ ತುಳಿಯುತ್ತ ನಡೆದು ಹೋದರು. ಒಳಗೆ ಕಾಲಿಟ್ಟರೆ ಮೇಜಿನ ಹಿಂದೆ ಕೂತು ಹೆಸರು ಬರೆಯುತ್ತಿದ್ದವಳು ಉಷಾ. ಮೈಸೂರಿನವಳು, ಯುಗಾದಿ ಕೂಟದಲ್ಲಿ ಎಲ್ಲರ ನಡುವೆ ಓಡಾಡುತ್ತಿದ್ದವಳು. ವಾರಕ್ಕೊಮ್ಮೆ ಇಲ್ಲಿ ಬಂದು ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಳು. ಗಿರಿಜವ್ವ ಸೊಸೆಯ ಶಾಲನ್ನು ಹೊಟ್ಟೆಯ ಮೇಲೆ ಎಳೆದಳು.

"ಬನ್ನಿ ಅಜ್ಜಿ, ಕೂತ್ಕೊಳ್ಳಿ. ಯಾರಿಗೆ ನೋವು? ಇವರಿಗಾ? ಪ್ರೆಗ್ನೆಂಟಾ?"

ತೃಪ್ತಿ ಬಾಯಿ ತೆರೆಯುವ ಮೊದಲೇ ಗಿರಿಜವ್ವ ಉತ್ತರಿಸಿದಳು. "ಇಲ್ಲ ಯವ್ವಾ, ಅಂಥಾದ್ದೇನಿಲ್ಲ. ಬರೇ ಹಲ್ಲು."

ಉಷಾ ಪೆನ್ನು ಎತ್ತಿಕೊಂಡು ಸೊಸೆಯನ್ನು ನೋಡಿದಳು. ತೃಪ್ತಿ ತಲೆ ತಗ್ಗಿಸಿದಳು. ಹೊರಗಿನವರ ಮುಂದೆ ಅತ್ತೆಯ ಮಾತನ್ನು ಅವಳು ದಾಟಿದವಳಲ್ಲ.

"ಹಾಗಾದ್ರೆ ಇಲ್ಲಿ ಆಗಲ್ಲ ಅಜ್ಜಿ," ಎಂದಳು ಉಷಾ ನಿಧಾನವಾಗಿ. "ಇದು ಬಸುರಿಯರಿಗೆ ಮಾತ್ರ ಇರೋದು."

ಹೊರಗೆ ಬಂದ ಮೇಲೆ ತೃಪ್ತಿ ಶಾಲಿನೊಳಗಿಂದಲೇ ಅಂದಳು, "ಅತ್ತೀ, ನನಗ ಗೊತ್ತಿತ್ತರಿ. ಡಾಕ್ಟರು ಕೊಟ್ಟ ಕಾಗದದಾಗ ಬರದಿತ್ತು."

"ಗೊತ್ತಿದ್ರ ಮೊದಲ ಹೇಳಬಾರದ?"

"ನೀವ ಇಲ್ಲ ಅಂದಮ್ಯಾಲೆ ನಾ ಹೌದು ಅನ್ನಲೇನ್ರಿ?"

ಕುಬಸಕ್ಕೆ ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ಲವಂಗ ಇಟ್ಟು, ಉಪ್ಪುನೀರು ಮುಕ್ಕಳಿಸಿ ಸಾಗಿಸೋಣ ಎಂದಳು ಗಿರಿಜವ್ವ. ಸಾಗಲಿಲ್ಲ. ರೊಟ್ಟಿ ಬಿಟ್ಟು ಅನ್ನ, ಅನ್ನ ಬಿಟ್ಟು ಅಂಬಲಿ, ಕೊನೆಗೆ ಅಂಬಲಿಯೂ ಅರ್ಧಕ್ಕೆ ನಿಂತಿತು. ಬುಧವಾರ ಊಟಕ್ಕೆ ಕೂತಾಗ ಬಸವೇಶ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಸೊಸೆಯ ಕಡೆಯಿಂದ ಏನೂ ಕೇಳಿಸಲಿಲ್ಲ. ಜೀವಮಾನವೆಲ್ಲ ಇನ್ನೊಬ್ಬರು ತಿನ್ನುವ ಸದ್ದು ಕೇಳಿ ನೆಮ್ಮದಿಪಟ್ಟವಳು ಗಿರಿಜವ್ವ. ತನ್ನ ಮನೆಯಲ್ಲೇ, ಎರಡು ಜೀವದವಳ ತಾಟಿನ ಮುಂದಿನ ಆ ಮೌನ ಅವಳಿಗೆ ತಡೆಯಲಾಗಲಿಲ್ಲ.

ದೃಷ್ಟಿ ತಾಗಿದರೆ ಉಪ್ಪು ಮೆಣಸಿನಕಾಯಿ ಇಳಿಸಿ ತೆಗೆಯಬಹುದು. ಕೀವನ್ನು ಯಾವ ಮೆಣಸಿನಕಾಯಿ ತೆಗೆದೀತು?

ಮರುದಿನ ಗುರುವಾರ. ಸೊಸೆಯನ್ನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂಡಿಸಿ, ಗಿರಿಜವ್ವ ತಾನೇ ಉಷಾಳ ಮೇಜಿನ ಹತ್ತಿರ ಹೋಗಿ ಬಗ್ಗಿದಳು.

"ಯವ್ವಾ, ಹ್ವಾದ ವಾರ ನಾ ಸುಳ್ಳ ಹೇಳೀನಿ. ನನ್ನ ಸೊಸಿ ಬಸರದಾಳ. ನಾಕನೇ ತಿಂಗಳ. ಯಾರಿಗೂ ಹೇಳಿಲ್ಲ."

"ನನಗೆ ಹೋದ ವಾರವೇ ಹಾಗನ್ನಿಸ್ತು ಅಜ್ಜಿ. ಕೂತ್ಕೊಳ್ಳೋವಾಗ ಹೊಟ್ಟೆ ಮೇಲೆ ಕೈ ಇಟ್ಕೊಂಡ್ರು. ಆದ್ರೆ ನೀವು ಇಲ್ಲ ಅಂದಿದ್ದನ್ನ ನಾನು ಹೌದು ಅಂತ ಬರೆಯೋ ಹಾಗಿಲ್ಲವಲ್ಲ. ವಾರವಿಡೀ ನಿಮ್ಮದೇ ಯೋಚನೆ."

"ಮತ್ತ... ನಮ್ಮ ಮಂದಿಗೆ?"

"ಈ ಕುರ್ಚಿ ಮೇಲೆ ಕೂತಾಗ ನನಗೆ ಯಾವ ಮಂದೀನೂ ಇಲ್ಲ ಅಜ್ಜಿ. ಇಲ್ಲಿ ಕೇಳಿದ್ದು ಇಲ್ಲೇ. ನಮ್ಮ ಯಜಮಾನರು ಕೇಳಿದ್ರೂ ಹೇಳಲ್ಲ. ಅವರು ಕೇಳೋದೂ ಇಲ್ಲ ಬಿಡಿ, ಅಡುಗೆ ಏನು ಅಂತ ಮಾತ್ರ ಕೇಳ್ತಾರೆ."

ಹಲ್ಲಿನ ಡಾಕ್ಟರಮ್ಮ ಎಳೆಯ ವಯಸ್ಸಿನವಳು. ಗಿರಿಜವ್ವ ಹಠ ಹಿಡಿದು ಸೊಸೆಯ ಕಾಲ ಬಳಿ ನಿಂತಳು. ಹಲ್ಲಿನ ಎಕ್ಸ್‌ರೇ ತೆಗೆಯುವಾಗ ಮಾತ್ರ ಹೊರಗೆ ಕಳಿಸಿದರು. ಸೊಸೆಯ ಹೊಟ್ಟೆಯ ಮೇಲೆ ಸೀಸದ ಭಾರವಾದ ಹೊದಿಕೆ ಹೊದಿಸಿದ್ದನ್ನು ಕಂಡ ಮೇಲೆಯೇ ಅವಳು ಹೋದದ್ದು. ಸೂಜಿಯ ಬಗ್ಗೆ, ಮಾತ್ರೆಯ ಬಗ್ಗೆ, ಅವಳು ಕೇಳಿದ್ದನ್ನೆಲ್ಲ ಉಷಾ ಇಂಗ್ಲಿಷಿಗೆ ಹೇಳಿ, ಉತ್ತರವನ್ನು ಕನ್ನಡಕ್ಕೆ ತಂದಳು. ಈ ತಿಂಗಳಲ್ಲಿ ಹಲ್ಲಿನ ಕೆಲಸ ಮಾಡಿಸಿದರೆ ಭಯವಿಲ್ಲ, ಮಾತ್ರೆ ಬಸುರಿಯರಿಗೆ ಆಗುವಂಥದ್ದೇ ಎಂದರು. ಹಲ್ಲನ್ನು ಕೀಳಲಿಲ್ಲ. ಕೊರೆದು ಕೀವು ತೆಗೆದರು. ಒಂದು ವಾರದ ಮಾತ್ರೆಯನ್ನು ಅಲ್ಲಿಯ ಕಪಾಟಿನಿಂದಲೇ ಎಣಿಸಿ ಕೊಟ್ಟರು. ಆಮೇಲೆ ಎರಡು ಗುರುವಾರ ಕರೆದು ಹಲ್ಲು ತುಂಬಿದರು.

ಮೂರನೇ ದಿನಕ್ಕೆ ಊತ ಇಳಿಯಿತು. ವಾರದೊಳಗೆ ತೃಪ್ತಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಗಿರಿಜವ್ವ ಕಿವಿಗೊಟ್ಟೇ ಇದ್ದಳು. ಆ ಕಡೆಯ ಹಲ್ಲಿನಲ್ಲಿ ಅಗಿಯಲು ಸೊಸೆ ಇನ್ನೂ ಅಂಜುತ್ತಿದ್ದಳು.

ಐದನೇ ತಿಂಗಳಲ್ಲಿ ಅದೇ ಬೇಸ್‌ಮೆಂಟಿನಲ್ಲಿ ಕುಬಸ. ತೃಪ್ತಿಗೆ ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಬಂದ ಹೆಂಗಸರಲ್ಲಿ ಚನ್ನಬಸವ್ವ ಇದ್ದಳು. ಅವಳಿಗೆ ತಿಳಿಯದ ಸುದ್ದಿ ದೂರದ ಯೂನಿಯನ್‌ವಿಲ್ಲಿನವರೆಗೆ ಇರುತ್ತಿರಲಿಲ್ಲ. ತನಗೇ ತಡವಾಗಿ ಗೊತ್ತಾಯಿತೆಂದು ಅವಳಿಗೆ ಸಿಟ್ಟು.

"ಐದ ತಿಂಗಳ ಮುಚ್ಚಿಟ್ಟೀಯಲ್ಲ ಗಿರಿಜಕ್ಕ, ಬ್ಯಾಂಕಿನಾಗ ಇಟ್ಟಿದ್ದೇನ? ಉಷಾ, ಖರೇ ಹೇಳ್ರಿ, ನಿಮಗ ಮೊದಲ ಗೊತ್ತಿತ್ತಿಲ್ಲೊ?"

ಗಿರಿಜವ್ವನ ಕೈಯಲ್ಲಿದ್ದ ಆರತಿಯ ತಾಟು ಅಲ್ಲೇ ನಿಂತಿತು.

"ನನಗೆಲ್ಲಿಂದ ಗೊತ್ತಾಗ್ಬೇಕು? ಫೋನ್ ಬಂದಾಗಲೇ ಗೊತ್ತಾಗಿದ್ದು. ಹೇಗೆ ಹೊಟ್ಟೇಲಿಟ್ಕೊಂಡಿದ್ರೋ ಅಜ್ಜಿ," ಎಂದು ಉಷಾ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಹೊಟ್ಟ್ಯಾಗ ಇಟ್ಟಾಕಿ ನಾನಲ್ಲ, ನನ್ನ ಸೊಸಿ," ಎಂದಳು ಗಿರಿಜವ್ವ. ಎಲ್ಲರೂ ನಕ್ಕರು. ಚನ್ನಬಸವ್ವನೂ ನಕ್ಕಳು.

ಊಟದ ಹೊತ್ತಿಗೆ ಗಿರಿಜವ್ವ ಮೊದಲ ತಾಟನ್ನು ಉಷಾಳ ಮುಂದಿಟ್ಟು, ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸಾಕು ಸಾಕು ಎಂದರೂ ನಿಲ್ಲಿಸಲಿಲ್ಲ. ಅಷ್ಟರಲ್ಲಿ ಹಿಂದಿನಿಂದ, ಸೋಬಾನೆ ಪದದ ನಡುವೆಯೂ ಒಂದು ಸದ್ದು ಅವಳಿಗೆ ಕೇಳಿಸಿತು. ತಿರುಗಿ ನೋಡಬೇಕಾಗಿರಲಿಲ್ಲ. ತೃಪ್ತಿ ಖಡಕ್ ರೊಟ್ಟಿಯ ತುಂಡೊಂದನ್ನು ಆ ಕಡೆಯ ಹಲ್ಲಿನಲ್ಲೇ ಕಟುಂ ಎಂದು ಕಡಿದಿದ್ದಳು.

"ಇನ್ನೊಂದ ರೊಟ್ಟಿ ಹಾಕಲೇನ?" ಎಂದಳು ಗಿರಿಜವ್ವ, ತುಪ್ಪದ ಗಿಂಡಿ ಕೈಯಲ್ಲೇ ಹಿಡಿದು.

"ಎರಡು ಹಾಕ್ರಿ, ಅತ್ತೀ."